ಡೊಂಬ್ರೊವ್ಸ್ಕಿಯ ‘ನಾವು’

ಅಮೆರಿಕದ ಬಫಲೋ ಊರಿನ ನಿವೃತ್ತ ಬಸ್ ಚಾಲಕ ವಾಲ್ಟರ್ ಡೊಂಬ್ರೊವ್ಸ್ಕಿ ಜನ್ಮದಲ್ಲಿ ಫುಟ್‌ಬಾಲ್ ಮುಟ್ಟಿದವನಲ್ಲ. ಆದರೂ ಊರಿನ ತಂಡ ಅವನನ್ನು ಕೇಳದೆ ಯಾರನ್ನೂ ಸೇರಿಸಿಕೊಳ್ಳಬಾರದು ಎಂಬುದು ಅವನ ಪಟ್ಟು. ಕಾಲೇಜು ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್ ಹತ್ತಿರವಾಯಿತೆಂದರೆ ಸಾಕು, ಮಾರ್ಲೀನಳ ಹೋಟೆಲಿನ ಮೂಲೆಯಲ್ಲಿ ಕೂತು, ತಿಂದ ಕೋಳಿರೆಕ್ಕೆಯ ಮೂಳೆಗಳನ್ನು ತಟ್ಟೆಯಲ್ಲಿ ಆಟಗಾರರಂತೆ ಸಾಲಾಗಿ ಜೋಡಿಸಿ, “ನೋಡಿ, ಎಡಗಡೆ ನಮ್ಮ ಗೋಡೆ ಬಿದ್ದೋಗಿದೆ!” ಎಂದು ಪಕ್ಕದ ಮೇಜಿನವರ ಊಟ ಕೆಡಿಸುತ್ತಾನೆ. ಹುಡುಗರನ್ನು ಅಳೆಯಲು ಅವನದೇ ಶಾಸ್ತ್ರವಿದೆ. ಟೀವಿಯಲ್ಲಿ ಅವರ ಮನೆಯವರನ್ನು ತೋರಿಸಿದಾಗ, “ಅವನನ್ನ ಏನ್ ನೋಡ್ತೀರಿ, ಅವರಮ್ಮನ ತೋಳು ನೋಡಿ!” ಎಂದು ಕೂಗುತ್ತಾನೆ. ಬೇರೆ ತಂಡದ ಒಪ್ಪಂದ ಮುಗಿಸಿ ಬಂದ ಹಳೆಯ ಆಟಗಾರರೆಂದರೆ ಅವನಿಗೆ ಆಗದು: “ಇನ್ನೊಬ್ರು ಚೀಪಿ ಬಿಟ್ಟ ಮೂಳೆ ನಮಗ್ಯಾಕೆ?” ಮಾರ್ಲೀನಳಿಗೆ ಒಮ್ಮೆ ರೇಗಿಹೋಯಿತು. “ನಾವು, ನಮಗೆ ಅಂತೀಯಲ್ಲ, ಅವರೇನು ನಿನಗೆ ಸಂಬಳ ಕೊಡ್ತಾರೇನಯ್ಯ?” “ಇಷ್ಟು ವರ್ಷ ಸೋತಿದ್ಯಾರು ಮತ್ತೆ? ನಾವೇ ತಾನೆ!” ಎಂದ. ಹೆಂಡತಿ ಐರೀನ್ ಇದ್ದಾಗ ಅವನ ಬಾಯಲ್ಲಿ ಎಲ್ಲವೂ ‘ನಾವು’: ನಮಗೆ ಸೂಪು, ನಮಗೆ ನೆಗಡಿ, ನಮಗೆ ಮಂಡಿನೋವು. ಅವಳು ತೀರಿಕೊಂಡ ಮೇಲೆ ಮೊದಲ ಸಲ ಬಂದವನು, “ನನಗೊಂದು ಸೂಪು” ಎಂದಿದ್ದ. ಅದು ನೆನಪಾದದ್ದೇ ಮಾರ್ಲೀನ್ ಅಣಕಿಸುವುದನ್ನು ಬಿಟ್ಟಳು. ಈಗ ಅವನು ಬಂದು ಕೂತೊಡನೆ ಸೂಪಿನ ಬಟ್ಟಲಿಟ್ಟು, ಎದುರಿನ ಖಾಲಿ ಕುರ್ಚಿಯಲ್ಲಿ ತಾನೇ ಕೂತು ಕೇಳುತ್ತಾಳೆ: “ಹೇಳು ವಾಲ್ಟ್, ಈ ಸಲ ನಾವು ಯಾರನ್ನ ತಗೊಳ್ಳೋಣ?”