ದೃಷ್ಟಿಯಾಗದ ಅಕ್ಕ

ನಾನು ರಾಣೆಬೆನ್ನೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ಬ್ಯಾಡಗಿಯಲ್ಲಿ ಸಂಸಾರ ಮಾಡುತ್ತೇನೆ. ನಡುವೆ ದಿನಾ ಬಸ್ಸಿನ ಪ್ರಯಾಣ. ನನ್ನ ವೈಜ್ಞಾನಿಕ ಮನೋಭಾವ ಸಾಮಾನ್ಯವಾಗಿ ಆ ದಾರಿಯಲ್ಲೇ ಎಲ್ಲೋ ಇಳಿದುಹೋಗುತ್ತದೆ. 'ದೃಷ್ಟಿ ತಾಗುವುದು ಎಂಬುದೆಲ್ಲ ಸುಳ್ಳು' ಎಂದು ಬೆಳಿಗ್ಗೆ ಒಂಬತ್ತನೆಯ ತರಗತಿಗೆ ಸಾರಿ ಹೇಳಿದವನು, ಸಂಜೆ ನನ್ನ ಮಗನ ದೃಷ್ಟಿ ತೆಗೆಯುವಾಗ ಅವನು ಓಡಿಹೋಗದಂತೆ ಎರಡೂ ಭುಜ ಹಿಡಿದುಕೊಂಡು ಕೂತಿರುತ್ತೇನೆ.

ತೆಗೆಯುವವಳು ನನ್ನ ಅವ್ವ, ಮಕ್ಕಳ ಪಾಲಿಗೆ ಆಯಿ. ಅವಳ ವಿಧಾನ ಸರಳ. ಹಿಡಿ ಉಪ್ಪು, ಚಿಟಿಕೆ ಸಾಸಿವೆ, ಮೂರು ಒಣಮೆಣಸಿನಕಾಯಿ. ಮಗುವಿನ ಸುತ್ತ ಮೂರು ಸಲ ನಿವಾಳಿಸಿ ಬಚ್ಚಲ ಒಲೆಗೆ ಒಗೆಯುವುದು. ಘಾಟು ಎದ್ದರೆ ದೃಷ್ಟಿಯಾಗಿಲ್ಲ, ಏಳದಿದ್ದರೆ ಆಗಿತ್ತು ಎಂದು ಲೆಕ್ಕ. ಈ ಪರೀಕ್ಷೆಯನ್ನು ಜಗತ್ತಿನ ಯಾವ ಊರಲ್ಲಾದರೂ ಮಾಡಬಹುದು, ಬ್ಯಾಡಗಿಯಲ್ಲಿ ಮಾತ್ರ ಮಾಡಬಾರದು. ನಮ್ಮ ಮೆಣಸಿನಕಾಯಿಗೆ ಬಣ್ಣವಿದೆ, ಸುಕ್ಕಿದೆ, ಹೆಸರಿದೆ, ಖಾರ ಅಷ್ಟಕ್ಕಷ್ಟೇ. ಬೆಂಕಿಗೆ ಬಿದ್ದರೂ ಒಂದಿಷ್ಟು ಕಮರಿ ಸುಮ್ಮನಾಗುತ್ತದೆ. ಹೀಗಾಗಿ ನನ್ನ ಮಗ ಬಸುವಿಗೆ ವರ್ಷದ ಮುನ್ನೂರ ಅರವತ್ತೈದು ದಿನವೂ ದೃಷ್ಟಿ.

"ನೋಡ, ಒಂದ ಚೂರರೆ ಘಾಟ ಬಂತೇನ? ಕೂಸಿಗೆ ಎಷ್ಟ ದೃಷ್ಟಿ ಆಗಿತ್ತು!" ಎಂದು ಅವ್ವ ದಿನಾ ಬೆರಗಾಗುತ್ತಾಳೆ. ಇದು ಮೆಣಸಿನಕಾಯಿಯ ಜಾತಿಗುಣ ಎಂದು ಒಮ್ಮೆ ವಿವರಿಸಲು ಹೋದೆ. "ನಿನ್ನ ದೃಷ್ಟೀನೂ ಇದರಲೇನ ತಗದೇನಿ. ಬದುಕೀಯಲ್ಲ?" ಎಂದಳು.

ಬಸುವಿಗೆ ಮೂರು ವರ್ಷ. ಅವನ ಅಕ್ಕ ಭೂಮಿಗೆ ಏಳು, ಎರಡನೆಯ ತರಗತಿ. ಅಕ್ಕನಾಗುವುದು ಅರ್ಜಿ ಹಾಕದೆ ಸಿಗುವ ನೌಕರಿ, ರಾಜೀನಾಮೆಗೂ ಅವಕಾಶವಿಲ್ಲ. ತಮ್ಮ ಹುಟ್ಟಿದ ದಿನ ಆಸ್ಪತ್ರೆಯಲ್ಲಿ "ಇನ್ನ ನೀ ದೊಡ್ಡಾಕಿ" ಎಂದು ನಾವೆಲ್ಲ ಅವಳ ಬೆನ್ನು ತಟ್ಟಿದೆವು. ಆಗ ಅವಳಿಗಿನ್ನೂ ಶೂಗಳಲ್ಲಿ ಎಡ ಯಾವುದು ಬಲ ಯಾವುದು ತಿಳಿಯುತ್ತಿರಲಿಲ್ಲ.

ಮೊನ್ನೆ ಕಾಗಿನೆಲೆಗೆ ಹೊರಟಾಗ ಬಸ್ಸು ತುಂಬಿತ್ತು. ಯಾರೋ ಒಬ್ಬ ತಾಯಿ ಬಸುವನ್ನು ತೊಡೆಯ ಮೇಲೆ ಎಳೆದುಕೊಂಡು, "ಯಪ್ಪಾ, ಏನ ಗಲ್ಲರೀ ಇವನೂವು!" ಎಂದು ಚಿವುಟಿದಳು. ಹಿಂದಿನ ಸೀಟಿನವರು ಪೇರಲಹಣ್ಣು ಕೊಟ್ಟರು. ಕಂಡಕ್ಟರ್ ಕೂಡ ಸೀಟಿ ಊದಿ ತೋರಿಸಿದ. ಭೂಮಿ ನೀರಿನ ಬಾಟಲಿ, ತಮ್ಮನ ಚಪ್ಪಲಿ, ಅವನ ಬದಲಿ ಚಡ್ಡಿಯ ಚೀಲ ಹಿಡಿದು ಕಂಬಕ್ಕೆ ಆತು ನಿಂತಿದ್ದಳು. ಆ ತಾಯಿ ಇಳಿಯುವಾಗ ಅವಳಿಗೂ ಒಂದು ಮಾತು ಹೇಳಿದಳು: "ತಮ್ಮನ್ನ ಛಲೋ ನೋಡ್ಕೋ ಹಾಂ?"

ಅಂದು ಸಂಜೆ ಅವ್ವ ಬಸುವಿನ ಮುಂದೆ ಉಪ್ಪು ಹಿಡಿದು ಕೂತಾಗ ಭೂಮಿ ಕೇಳಿದಳು. "ಆಯಿ, ನನಗ್ಯಾಕ ದೃಷ್ಟಿ ಆಗೂದಿಲ್ಲ?"

"ನೀ ದೊಡ್ಡಾಕಿ ಆಗೀಯಲ್ಲವ್ವ."

"ನಂದೂ ತಗಿ. ಆಗಿರತೈತಿ."

ಅವ್ವ ನಕ್ಕು ಒಪ್ಪಿದಳು. ಭೂಮಿ ಕುಣಿಯುತ್ತ ಅಡುಗೆಮನೆಗೆ ಓಡಿ ತಾನೇ ಮೆಣಸಿನಕಾಯಿ ತಂದಳು. ತನ್ನ ದೃಷ್ಟಿ ದೊಡ್ಡದಿರಬೇಕೆಂದು ಮೂರರ ಬದಲು ಎರಡು ಮುಷ್ಟಿ. ಆದರೆ ಕೈ ಹಾಕಿದ್ದು ನಮ್ಮೂರ ಮೆಣಸಿನಕಾಯಿಯ ಡಬ್ಬಿಗಲ್ಲ. ಉಪ್ಪಿನಕಾಯಿಗೆಂದು ತಂದಿಟ್ಟಿದ್ದ ಕಡುಖಾರದ ಗುಂಟೂರಿನದಕ್ಕೆ. ಬಚ್ಚಲ ಕತ್ತಲಲ್ಲಿ ಅದನ್ನು ಅವ್ವನೂ ಗಮನಿಸಲಿಲ್ಲ.

ಒಲೆಗೆ ಬಿದ್ದ ಅರೆಗಳಿಗೆಯಲ್ಲಿ ಮನೆಯೇ ಎದ್ದು ಕೆಮ್ಮಿತು. ನನ್ನ ಹೆಂಡತಿ ಬಸುವನ್ನು ಕಂಕುಳಲ್ಲಿ ಇರುಕಿಕೊಂಡು ಅಂಗಳಕ್ಕೆ ಹಾರಿದಳು. ನಾನು ಗೋಡೆ ಹಿಡಿದು ಹಿತ್ತಲು ಮುಟ್ಟಿದೆ. ಎದುರು ಮನೆಯವರು ಸೀನುತ್ತಲೇ ಬಂದು "ಏನಾತ್ರೀ?" ಎಂದರು. ಸೆರಗಿನಲ್ಲಿ ಮೂಗು ಮುಚ್ಚಿಕೊಂಡ ಅವ್ವ ಮಾತ್ರ ಸಂತೋಷದಿಂದ ಫಲಿತಾಂಶ ಹೇಳಿದಳು.

"ಭೂಮವ್ವಾ, ನಿನಗ ಏನಂದ್ರ ಏನೂ ದೃಷ್ಟಿ ಆಗಿಲ್ಲ ಬಿಡ!"

ಎಲ್ಲರ ಕಣ್ಣಲ್ಲೂ ನೀರಿತ್ತು. ಘಾಟು ಇಳಿದ ಮೇಲೆ ನಮ್ಮದು ನಿಂತಿತು, ಭೂಮಿಯದು ನಿಲ್ಲಲಿಲ್ಲ. ಕಾರಣ ಕೇಳಿದರೆ ಗೋಡೆಗೆ ಮುಖ ಮಾಡಿ, "ನನ್ನ ಯಾರೂ ನೋಡೂದ ಇಲ್ಲ. ಮೆಣಸಿನಕಾಯಿಗೂ ಗೊತ್ತಾತು," ಎಂದಳು. ಡಬ್ಬಿ ತಪ್ಪಿತ್ತು ಎಂದು ಹೇಳಿದೆ. ನಂಬಲಿಲ್ಲ. ಊಟಕ್ಕೂ ಸರಿಯಾಗಿ ಕೂರಲಿಲ್ಲ.

ಮರುದಿನ ನಾನು ನನ್ನ ವೃತ್ತಿಗೆ ಮಾಡಬಾರದ ದ್ರೋಹ ಮಾಡಿದೆ. ನಿನ್ನೆಯ ಪ್ರಯೋಗದಲ್ಲಿ ಸಾಮಗ್ರಿಯೂ ತಪ್ಪು, ಅಳತೆಯೂ ತಪ್ಪು, ಆದ್ದರಿಂದ ಅದು ರದ್ದು, ಇವತ್ತು ಮರುಪರೀಕ್ಷೆ ಎಂದು ಮೇಷ್ಟರ ಗತ್ತಿನಲ್ಲಿ ಘೋಷಿಸಿದೆ. ಭೂಮಿ ಅರೆಮನಸ್ಸಿನಿಂದ ಒಪ್ಪಿದಳು. ಆಮೇಲೆ ನಮ್ಮೂರ ಮೂರು ಮೆಣಸಿನಕಾಯಿ ಆರಿಸಿದೆ. ಮೂರರಲ್ಲಿ ಒಂದು ಘಾಟೆಬ್ಬಿಸಿ ಕೈಕೊಟ್ಟರೆ ಏನು ಗತಿ? ಖಾರವಿರುವುದು ಬೀಜದಲ್ಲಲ್ಲ, ಬೀಜ ಹಿಡಿದಿರುವ ಬಿಳಿಯ ತಿರುಳಿನಲ್ಲಿ ಎಂದು ಎಷ್ಟು ವರ್ಷದಿಂದ ಪಾಠ ಮಾಡಿಲ್ಲ! ಕೋಣೆಯ ಬಾಗಿಲು ಹಾಕಿ, ಬ್ಲೇಡಿನಿಂದ ಒಂದೊಂದರ ಹೊಟ್ಟೆ ಸೀಳಿ, ತಿರುಳು ಕೆರೆದು ತೆಗೆದು, ಮತ್ತೆ ಮುಚ್ಚಿ ತಟ್ಟೆಯಲ್ಲಿಟ್ಟೆ. ಕೆಲಸ ಮುಗಿದ ತೃಪ್ತಿಯಲ್ಲಿ ಕಣ್ಣುಜ್ಜಿಕೊಂಡೆ. ಖಾರ ಅಷ್ಟಕ್ಕಷ್ಟೇ ಎಂದು ನಮ್ಮೂರ ಮೆಣಸಿನಕಾಯಿಯನ್ನು ಇನ್ನು ಮುಂದೆ ನಾನು ಹೀಗಳೆಯುವುದಿಲ್ಲ.

ಸಂಜೆ ಮೊದಲ ಸರದಿ ಅಕ್ಕನದು. ಭೂಮಿ ಒಲೆಯ ಮುಂದೆ ಕೂತಳು. ನಾನು ಬಚ್ಚಲ ಬಾಗಿಲಲ್ಲಿ ನಿಂತು, ಉರಿಯುವ ಕಣ್ಣು ಪಿಳುಕಿಸುತ್ತ ಅವಳನ್ನೇ ನೋಡುತ್ತಿದ್ದೆ. ಮುಂದಿನ ಹಲ್ಲೊಂದು ಬಿದ್ದಿದೆ. ಯಾವಾಗ ಬಿತ್ತು? ಮೊಣಕಾಲ ಮೇಲೆ ಒಣಗಿದ ಗಾಯವಿದೆ. ಯಾವಾಗ ಬಿದ್ದಳು? ಕಾತರವಾದರೆ ಕಾಲಿನ ಹೆಬ್ಬೆರಳನ್ನು ನೆಲಕ್ಕೆ ಒತ್ತುತ್ತಾಳೆ, ಇದು ಎಂದಿನಿಂದ? ಎದುರಿಗೇ ಓಡಾಡುವ ಮಗಳ ಬಗ್ಗೆ ಇಷ್ಟು ಗೊತ್ತಿಲ್ಲವೆಂದು ನನಗೆ ನಾಚಿಕೆಯಾಯಿತು.

ಅವ್ವ ನಿವಾಳಿಸಿ ಒಲೆಗೆ ಒಗೆದಳು. ಉಪ್ಪು ಚಟಪಟ ಎಂದಿತು. ಭೂಮಿ ಮೂಗೆತ್ತಿ ಉಸಿರೆಳೆದಳು, ಇನ್ನೊಮ್ಮೆ ಎಳೆದಳು.

"ಆಯಿ, ಘಾಟ ಬರಲಿಲ್ಲ!"

"ಯವ್ವಾ, ಖರೇನ ಬರಲಿಲ್ಲ! ಎಷ್ಟ ಆಗಿತ್ತವ್ವಾ ನಿನಗ!"

"ಯಾರ ಕಣ್ಣ ಬಿದ್ದಿತ್ತ ಆಯಿ?"

ಅವ್ವ ತಿರುಗಿ ನನ್ನ ಕಣ್ಣು ನೋಡಿದಳು, ಕೆಂಪಾದ ಬೆರಳ ತುದಿ ನೋಡಿದಳು. ಹುಟ್ಟಿದಂದಿನಿಂದ ಮೆಣಸಿನಕಾಯಿಯ ನಡುವೆ ಬದುಕಿದವಳಿಗೆ ನಾನು ಬಾಯಿಬಿಟ್ಟು ಹೇಳುವುದೇನೂ ಉಳಿದಿರಲಿಲ್ಲ.

"ಮತ್ಯಾರದ? ನಿಮ್ಮಪ್ಪಂದ. ನೋಡಲ್ಲೆ, ನಿನ್ನ ನೋಡಿ ನೋಡಿ ಕಣ್ಣ ಹೆಂಗ ಕೆಂಪಗಾಗ್ಯಾವ."

ಭೂಮಿ ಎದ್ದು ಬಂದು, ನನ್ನನ್ನು ಬಗ್ಗಿಸಿ, ಎರಡೂ ಕಣ್ಣುಗಳನ್ನು ಹತ್ತಿರದಿಂದ ಪರೀಕ್ಷಿಸಿದಳು.

"ಭಾಳ ಉರೀತಾವೇನಪಾ?"

"ಸ್ವಲ್ಪ."

ಅವಳು ಎರಡೂ ಕಣ್ಣಿಗೆ ಉಫ್ ಎಂದು ಊದಿದಳು.

"ತಡ್ಕೋ. ನಾಳೆನೂ ನನ್ನ ನೋಡ. ಆಯಿ ತಗೀತಾಳ."