ಹುಚ್ಚಮ್ಮ ಬೇರೆ ಮಾಡಿದ ಆಮೆಗಳು

ಬಾಳೂರಿನ ತೋಟದಲ್ಲಿ ಒಂಟಿಯಾಗಿದ್ದುಕೊಂಡು ಮೂವತ್ತು ವರ್ಷ ಕಾಫಿ ಹಣ್ಣು ಕುಯ್ದ ಹುಚ್ಚಮ್ಮನಿಗೆ ಮಂಡಿನೋವು ಶುರುವಾಗಿ ಗುಡ್ಡ ಹತ್ತಿ ಇಳಿಯುವುದು ಕಷ್ಟವಾಯಿತು. ಆಗ ತೋಟದ ಮಾಲೀಕ ಚನ್ನಕೇಶವ ಗೌಡರ ಸೊಸೆ ದೀಪಶ್ರೀ, “ನಮ್ಮ ಆಮೆ ನೋಡ್ಕೊಂಡಿರು ಹುಚ್ಚಮ್ಮ, ಕೂತು ಮಾಡೋ ಕೆಲಸ” ಎಂದಳು. ಹುಚ್ಚಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ಆಮೆ ಎಲ್ಲಿಗೆ ಓಡಿಹೋಗುತ್ತದೆ ಅಂತ ಕಾಯುವುದು?

ಅವು ಆಫ್ರಿಕಾ ಜಾತಿಯ ಎರಡು ನೆಲದಾಮೆಗಳು. ಅಂಗೈಯಷ್ಟಿದ್ದಾಗಿನಿಂದ ಅವನ್ನು ಚಿಕ್ಕಮಗಳೂರಿನಲ್ಲಿ ದೀಪಶ್ರೀಯ ಚಿಕ್ಕಪ್ಪ ಸಾಕಿದ್ದರು. ಬಕೆಟ್ಟಿನಷ್ಟು ಅಗಲವಾದ ಮೇಲೆ ಜಾಗ ಸಾಲದೆ, ಸಾಕಲು ಬೇಕಾದ ಕಾಗದಪತ್ರದ ಸಮೇತ ಇಲ್ಲಿಗೆ ಕಳಿಸಿದ್ದರು. ದೊಡ್ಡದು ಭೀಮ, ಚಿಕ್ಕದು ಗೌರಿ. ಗಂಡ ಹೆಂಡತಿ ಎಂದೇ ಎಲ್ಲರೂ ನಂಬಿದ್ದರು. ಕೊಯ್ಲು ಮುಗಿದು ಖಾಲಿಯಾಗಿದ್ದ, ಕಾಫಿ ಒಣಗಿಸುವ ಮಣ್ಣಿನ ಕಣದ ಹುಲ್ಲು ಬೆಳೆದ ಮೂಲೆಗೆ ಬೇಲಿ ಕಟ್ಟಿ ಎರಡನ್ನೂ ಬಿಟ್ಟರು.

ಭೀಮ ತಲೆ ಒಳಗೆಳೆದುಕೊಂಡು ಬಂದು ಗೌರಿಯ ಪಕ್ಕೆಗೆ ಠಪ್ಪೆಂದು ಗುದ್ದುವುದನ್ನು ಹುಚ್ಚಮ್ಮ ಮೊದಲ ವಾರವೇ ಕಂಡಳು.

“ಅದು ಪ್ರೀತಿ, ಹುಚ್ಚಮ್ಮ” ಎಂದ ತೋಟದ ಲೆಕ್ಕ ಬರೆಯುವ ರೈಟರ್ ಕುಮಾರ್.

“ಪ್ರೀತಿ ಆದ್ರೆ ಅದು ದಾಸವಾಳದ ಸೊಪ್ಪು ಬಿಟ್ಟು ಮೂಲೆ ಯಾಕೆ ಸೇರುತ್ತೆ ರೈಟ್ರೇ?”

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಹುಚ್ಚಮ್ಮ ಊಟ ಮುಗಿಸಿ ಬಂದರೆ ಗೌರಿ ಬಿಸಿಲಲ್ಲಿ ಅಂಗಾತ ಬಿದ್ದು ಕಾಲು ಆಡಿಸುತ್ತಿತ್ತು. ಭೀಮ ಇನ್ನೂ ತಳ್ಳುತ್ತಲೇ ಇತ್ತು. ಮಂಡಿನೋವು ಮರೆತು ನೆಲಕ್ಕೆ ಕೂತವಳೇ ಎರಡೂ ಕೈ ಹಾಕಿ ಗೌರಿಯನ್ನು ಮಗುಚಿ, ನೆರಳಿಗೆ ಎಳೆದು, ತಟ್ಟೆಯಲ್ಲಿ ನೀರಿಟ್ಟಳು. ಬಹಳ ಹೊತ್ತಿನ ಮೇಲೆ ಅದು ಕತ್ತು ಚಾಚಿ ಕುಡಿಯಿತು. ಹುಚ್ಚಮ್ಮ ಕಣ್ಣೊರೆಸಿಕೊಂಡಳು.

ದೀಪಶ್ರೀ ಪ್ರಾಣಿಗಳ ಡಾಕ್ಟರ್ ಸುರೇಂದ್ರರಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದಳು. “ಹೊಟ್ಟೆ ಕಡೆ ಚಿಪ್ಪು ಮಟ್ಟಸವಾಗಿದೆಯಾ, ಗುಳಿ ಬಿದ್ದಿದೆಯಾ?” ಎಂದು ಕೇಳಿದರು ಅವರು.

“ಗುಳಿ ಇದೆ ಡಾಕ್ಟ್ರೇ! ಸಾರು ಹಾಕೋಕೆ ಅನ್ನದಲ್ಲಿ ಮಾಡ್ತೀವಲ್ಲ, ಹಾಂಗೆ. ಎರಡಕ್ಕೂ ಇದೆ” ಎಂದು ಹುಚ್ಚಮ್ಮ ದೂರದಿಂದಲೇ ಕೂಗಿದಳು.

“ಹಂಗಾದ್ರೆ ಎರಡೂ ಗಂಡು. ಇವತ್ತೇ ಬೇರೆ ಮಾಡಿ. ಬಿಸಿಲಲ್ಲಿ ಮಗುಚಿ ಬಿದ್ರೆ ಸತ್ತೇ ಹೋಗುತ್ತೆ.”

ಪಕ್ಕದಲ್ಲೇ ನಿಂತಿದ್ದ ಗೌಡರಿಗೆ ಮನಸ್ಸಿರಲಿಲ್ಲ. “ಚಿಕ್ಕಂದಿನಿಂದ ಒಟ್ಟಿಗೆ ಬೆಳೆದವು. ಒಂಟಿ ಮಾಡಿದ್ರೆ ಕೊರಗಲ್ವಾ?”

ಡಾಕ್ಟರು ನಕ್ಕರು. “ಗಂಡಾಮೆಗೆ ಇನ್ನೊಂದು ಗಂಡಾಮೆ ಗೆಳೆಯ ಅಲ್ಲ ಗೌಡ್ರೇ. ಚಿಕ್ಕದಿದ್ದಾಗ ಸುಮ್ಮನಿದ್ದರೂ ಪ್ರಾಯಕ್ಕೆ ಬಂದ ಮೇಲೆ ಜಾಗಕ್ಕಾಗಿ ಕಾದಾಡ್ತವೆ. ಒಂಟಿಯಾಗಿರೋದೇ ಅವಕ್ಕೆ ಸುಖ.”

“ನನ್ನ ಹಾಗೇ” ಎಂದಳು ಹುಚ್ಚಮ್ಮ. ಗೌಡರಿಗೂ ನಗು ತಡೆಯಲಾಗಲಿಲ್ಲ.

ಅಂದೇ ನಡುವೆ ತಂತಿ ಬಲೆ ಹಾಕಿದರು. ಆದರೂ ಜಗಳ ನಿಲ್ಲಲಿಲ್ಲ. ಬಲೆಯಾಚೆ ಕಾಣುವ ಗೌರಿಯನ್ನು ಗುದ್ದಲು ಹೋಗಿ ಭೀಮ ಮೂತಿ ತರಚಿಕೊಂಡಿತು. ಎರಡು ದಿನ ನೋಡಿದ ಹುಚ್ಚಮ್ಮ ದೀಪಶ್ರೀ ಬಳಿ ಹೋಗಿ, “ಕಣ್ಣಿಗೆ ಕಾಣೋದೇ ತಾಪತ್ರಯ ಅಮ್ಮಾ. ಹಲಗೆ ಹೊಡೆಸಿ” ಎಂದಳು. ಸಿಲ್ವರ್ ಓಕ್ ಹಲಗೆಗಳನ್ನು ಬುಡ ಹೂತು, ಮಂಡಿ ಎತ್ತರಕ್ಕೆ ಒತ್ತಾಗಿ ನಿಲ್ಲಿಸಿದರು. ಭೀಮ ಒಂದು ದಿನ ಹಲಗೆಯುದ್ದಕ್ಕೂ ಓಡಾಡಿತು. ಮರುದಿನ ಹುಲ್ಲು ಮೇಯತೊಡಗಿತು.

ಗೌರಿ ಚೇತರಿಸಿಕೊಂಡಿತು. ಕಾಫಿ ಮೂಟೆ ತೂಗುವ ತಕ್ಕಡಿಯ ಮೇಲೆ ಹುಚ್ಚಮ್ಮ ತಿಂಗಳಿಗೊಮ್ಮೆ ಅದನ್ನು ಕೂರಿಸುತ್ತಿದ್ದಳು. ಮಳೆಗಾಲ ಬರುವಷ್ಟರಲ್ಲಿ ಅದು ಎರಡು ಕೆಜಿ ಹೆಚ್ಚಿತ್ತು. ಮಳೆಗೆ ಹಳೆಯ ಗೋದಾಮಿನಲ್ಲಿ ಎರಡು ಬೇರೆ ಬೇರೆ ಗೂಡು ಮಾಡಿ, ಒಂದೊಂದಕ್ಕೂ ಶಾಖದ ಬಲ್ಬು ಹಾಕಿಸಿದರು. ಹೆಸರು ಬದಲಿಸೋಣ ಎಂದು ದೀಪಶ್ರೀ ಕೇಳಿದಾಗ ಹುಚ್ಚಮ್ಮ ಒಪ್ಪಲಿಲ್ಲ. “ಗೌರಿ ಅಂತ ಕರೆದ್ರೆ ಬರ್ತಾನೆ, ಬಿಡಿ ಅತ್ಲಾಗೆ” ಎಂದಳು.

ಸುದ್ದಿ ಗೋಣಿಬೀಡಿಗೂ ಮುಟ್ಟಿತು. ಅಲ್ಲಿ ರಾಜೀವ್ ಎಂಬ ಪ್ಲಾಂಟರ್ ಒಂದು ಗಂಡಾಮೆ ಸಾಕಿದ್ದರು. ಅದಕ್ಕೆ ಜೊತೆಗೆಂದು ಇನ್ನೊಂದು ತರುವ ಮೊದಲು ಹುಚ್ಚಮ್ಮನನ್ನು ಕೇಳಲು ಜೀಪು ಕಳಿಸಿದರು. ಮೂವತ್ತು ವರ್ಷ ಆಳುಗಳ ನಡುವೆ ತೋಟದ ಜೀಪಿನ ಹಿಂದೆ ನಿಂತು ಕೆಲಸಕ್ಕೆ ಹೋದವಳು ಅಂದು ಡ್ರೈವರ್ ಪಕ್ಕ ಮುಂದಿನ ಸೀಟಲ್ಲಿ, ಹೊಸ ಸೀರೆ ಉಟ್ಟು, ಕಿಟಕಿ ಪೂರ್ತಿ ಇಳಿಸಿಕೊಂಡು ಕೂತು ಹೋದಳು.