ನೆಗೆಣ್ಣಿಯ ಸಲೂನಿಗೆ ಬಂದ ಲೋಬಾನ

ಇಪ್ಪತ್ತು ವರ್ಷ ವಿಜ್ಞಾನ ಕಲಿಸಿದ ನನಗೆ ಮೊನ್ನೆ ಗುರುವಾರ ವಿಜ್ಞಾನದ ಪಾಠ ಹೇಳಿದವಳು ಪಿಯುಸಿ ಫೇಲಾದ ನನ್ನ ನೆಗೆಣ್ಣಿ.

ನೆಗೆಣ್ಣಿ ಅಂದರೆ ಮೈದುನನ ಹೆಂಡತಿ, ಸುಜಾತಾ. ಸೊಲ್ಲಾಪುರದಲ್ಲಿ ಕೋರ್ಸ್ ಮಾಡಿ ಬಂದು ಸಿಂದಗಿ ಬಜಾರಿನಲ್ಲಿ ನೇಲ್ ಸಲೂನ್ ತೆಗೆದಳು. ರೊಟ್ಟಿ ಬಡಿಯುವ ಕೈಗೆ ಇದೆಲ್ಲ ಯಾಕೆ ಎಂದು ನಕ್ಕಿದ್ದೆ. ಈಗ ದೇವರ ಹಿಪ್ಪರಗಿಯ ಮದುವೆ ಹುಡುಗಿಯರು ಬಸ್ಸಿಳಿದು ಸೀದಾ ಅಲ್ಲಿಗೇ ಹೋಗುತ್ತಾರೆ. ಮನೆಗೆ ಬಂದವರಿಗೆಲ್ಲ ಅತ್ತೆ ಅದನ್ನೇ ಹೇಳುತ್ತಾರೆ. (ನಾನು ಕಲಿಸಿದ ಮಕ್ಕಳ ಎಸ್ಸೆಸ್ಸೆಲ್ಸಿ ರಿಸಲ್ಟ್ ಯಾರಿಗೆ ಬೇಕು?) ಹೊಟ್ಟೆಕಿಚ್ಚು ಬಂತು. ಸುಳ್ಳೇಕೆ ಹೇಳಲಿ?

ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಹೋದೆ. ಹಳೇ ಪಾಲಿಶ್ ತೆಗೆಸುವುದು ನೆಪ. ಏನಾದರೂ ಹುಳುಕು ಹುಡುಕುವುದು ನಿಜವಾದ ಕೆಲಸ.

ಸಿಗಬೇಕಲ್ಲ! ಪಾಲಿಶ್ ಕರಗಿಸುವ ಅಸಿಟೋನ್ ಬಾಟಲಿಯ ಮುಚ್ಚಳ ಪ್ರತಿ ಸಲ ಬಿಗಿಯುತ್ತಾಳೆ. ಒರೆಸಿದ ಹತ್ತಿಯನ್ನು ಮುಚ್ಚಳದ ಡಬ್ಬಿಗೇ ಹಾಕುತ್ತಾಳೆ. ಕಿಟಕಿ ತೆರೆದೇ ಇತ್ತು. ಕೊನೆಗೊಂದು ಸಿಕ್ಕಿತು. ದೇವರ ಫೋಟೋ ಮುಂದೆ ಬ್ಯಾಟರಿ ದೀಪ, ಒಂದು ಊದಿನಕಡ್ಡಿಯೂ ಇಲ್ಲ. ಇದೆಂಥ ಅಂಗಡಿ?

ನನ್ನ ಬೆರಳುಗಳನ್ನು ಅಸಿಟೋನ್ ಬಟ್ಟಲಲ್ಲಿ ನೆನೆಸಿಟ್ಟು ಅವಳು ಟವೆಲ್ ತರಲು ಒಳಗೆ ಹೋದಳು. ಅಷ್ಟರಲ್ಲಿ ಲೋಬಾನದ ಚಾಚಾ ಬಂದರು. ಗುರುವಾರ ಸಂಜೆ ಶುಭವಾಗಲೆಂದು ಅಂಗಡಿ ಅಂಗಡಿಗೆ ಧೂಪದ ಹೊಗೆ ಹಾಕುವವರು. ಒಂದು ಕೈಯಲ್ಲಿ ಕೆಂಡದ ಪಾತ್ರೆ, ಇನ್ನೊಂದರಲ್ಲಿ ನವಿಲುಗರಿ. ರಸ್ತೆಯಲ್ಲೇ ನಿಂತರು. ಇಲ್ಲಿ ಒಳಗೆ ಬರುವ ಪದ್ಧತಿಯಿಲ್ಲ ಅಂದರು.

ಎಷ್ಟು ಸೊಕ್ಕು ಇವಳಿಗೆ, ಅನಿಸಿತು ನನಗೆ. ಹಿರಿ ಸೊಸೆಯ ಗತ್ತಿನಲ್ಲಿ ಕರೆದೆ, "ಒಳಗ ಬರ್ರಿ ಚಾಚಾ, ನಮ್ಮದ ಅಂಗಡಿ ಐತಿ."

ಚಾಚಾ ಮೆಟ್ಟಿಲ ಮೇಲೆ ಕಾಲಿಟ್ಟರು. ಸುಜಾತಾ ಓಡಿ ಬಂದಳು. ಅಲ್ಲೇ ನಿಲ್ಲಲು ಅವರಿಗೆ ಕೈ ಮಾಡಿ, ನನ್ನ ಕೈ ಎಳೆದು, ಬಟ್ಟಲು ಮುಚ್ಚಿದಳು. ಕೈ ತೊಳೆದುಕೊಂಡು ಚಾಚಾನನ್ನು ರಸ್ತೆಯಾಚೆ ಕರೆದೊಯ್ದು, ತಲೆ ಮೇಲೆ ಸೆರಗು ಹೊದ್ದು, ಎರಡೂ ಕೈಯಿಂದ ಹೊಗೆ ತೆಗೆದುಕೊಂಡಳು. ಚಾಚಾ ನವಿಲುಗರಿ ಮುಟ್ಟಿಸಿ ಹರಸಿದರು.

ತಿರುಗಿ ಬಂದು ಮೆಲ್ಲಗೆ ಹೇಳಿದಳು, "ಅಕ್ಕಾರ, ಅಸಿಟೋನ್ ಆವಿ ಕಣ್ಣಿಗೆ ಕಾಣಂಗಿಲ್ರಿ. ನೆಲದ ಮ್ಯಾಲ ಹರಕೋತ ಕೆಂಡದ ತನಕ ಹೋಗ್ತೈತಿ. ಅಲ್ಲಿ ಹೊತ್ತಿದ ಬೆಂಕಿ ನಿಮ್ಮ ಕೈ ತನಕ ಬರ್ತಿತ್ರಿ."

ನನ್ನ ಹತ್ತೂ ಬೆರಳು ಆ ಬಟ್ಟಲಲ್ಲೇ ಇದ್ದವು. ದ್ರವ ಆವಿಯಾಗುವ ಪಾಠ ನಾನೇ ಮಾಡುತ್ತೇನೆ. ಬೋರ್ಡ್ ಮೇಲೆ ಚಿತ್ರ ಬೇರೆ ಬರೆಯುತ್ತೇನೆ. ಅಂಗಡಿಯಲ್ಲಿ ಅದು ಹೊಳೆಯಲೇ ಇಲ್ಲ. ಅಲ್ಲಿ ನನಗೆ ಅವಳ ತಪ್ಪೊಂದೇ ಬೇಕಿತ್ತು.

ಮನೆಗೆ ಹೋಗುವಾಗ ಒಂದೇ ಯೋಚನೆ. ಅತ್ತೆಯ ಮುಂದೆ ಇವಳು ಬಾಯಿ ಬಿಟ್ಟರೆ ನನ್ನ ಗತಿ? ಬಾಯಿ ಬಿಟ್ಟಳು. ಅಕ್ಕಾರು ಬಂದಿದ್ದರು, ಚಾಚಾನನ್ನು ಕರೆದು ಅಂಗಡಿಗೆ ಲೋಬಾನ ಹಾಕಿಸಿದರು ಎಂದಳು. ಅಷ್ಟೇ. ಅತ್ತೆ ಎಷ್ಟೋ ದಿನಗಳ ಮೇಲೆ ನನ್ನತ್ತ ನೋಡಿ, "ಭಾಳ ಚಲೋ ಮಾಡಿದಿ" ಅಂದರು.

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಇದನ್ನು ಹೇಗೆ ಸಹಿಸಲಿ?